ನೆಗ್ಗಿಲು ಮುಳ್ಳೂ ಬೈಸಿಕಲ್ಲಿನ ಟೈರೂ

ಬಯಲುಸೀಮೆಯ ಹೊಲದ ಬದುಗಳಲ್ಲಿಯೂ ದಾರಿಯ ಅಂಚುಗಳಲ್ಲಿಯೂ ನೆಲಕ್ಕೆ ಅಂಟಿಕೊಂಡು ಹಬ್ಬಿ, ಹಳದಿಯ ಸಣ್ಣ ಹೂಗಳನ್ನು ಬಿಡುವ ನೆಗ್ಗಿಲನ್ನು ಆಯುರ್ವೇದವು ಗೋಕ್ಷುರವೆಂದು ಕರೆದು ಔಷಧಿಗಳ ಸಾಲಿನಲ್ಲಿ ಆದರಿಸಿದೆಯಾದರೂ, ಬೈಸಿಕಲ್ಲಿನ ಸವಾರನಿಗೆ ಅದರಷ್ಟು ತೊಂದರೆ ಕೊಡುವ ಸಸ್ಯ ಮತ್ತೊಂದಿಲ್ಲ. ಅದರ ಕಾಯಿ ಒಣಗಿದ ಮೇಲೆ ಹೋಳುಹೋಳಾಗಿ ಒಡೆದು ಚದರುತ್ತದೆ. ಪ್ರತಿಯೊಂದು ಹೋಳಿಗೂ ಗಡುಸಾದ ಮುಳ್ಳುಗಳಿದ್ದು, ಹೋಳು ಯಾವ ಮಗ್ಗುಲಾಗಿ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಊರು ದೊಡ್ಡದಾದಂತೆ ನೆಗ್ಗಿಲು ಹಿಂದೆ ಸರಿದು ಒಡೆದ ಬಾಟಲಿಯ ಗಾಜು ಮುಂದೆ ಬರುತ್ತದೆ. ಹೆದ್ದಾರಿಯ ಅಂಚಿನಲ್ಲಾದರೋ, ಸಿಡಿದ ಲಾರಿ ಟೈರುಗಳಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿಗಳು ಕಣ್ಣಿಗೆ ಕಾಣದಂತೆ ಬಿದ್ದಿರುತ್ತವೆ. ಪಂಕ್ಚರಾಗದ ಟೈರು ಯಾವುದೆಂದು ಅಂಗಡಿಯಲ್ಲಿ ವಿಚಾರಿಸುವ ಮೊದಲು, ತಾನು ದಿನವೂ ಓಡಾಡುವ ದಾರಿಯಲ್ಲಿ ಚುಚ್ಚುವ ವಸ್ತು ಈ ಮೂರರಲ್ಲಿ ಯಾವುದೆಂಬುದನ್ನು ಸವಾರನು ಗೊತ್ತುಮಾಡಿಕೊಳ್ಳತಕ್ಕದ್ದು; ಏಕೆಂದರೆ ಮೂರನ್ನೂ ಸಮನಾಗಿ ತಡೆಯುವ ರಕ್ಷಣೆ ಒಂದೇ ಬಗೆಯದಲ್ಲ.

ಗಾಳಿಯ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ನರು 1845ರಲ್ಲಿಯೇ ಪೇಟೆಂಟು ಪಡೆದಿದ್ದರೂ ಅದು ಬಳಕೆಗೆ ಬಾರದೆ ಮರೆತುಹೋಗಿ, ಬೆಲ್‌ಫಾಸ್ಟಿನಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ಪರು 1888ರಲ್ಲಿ ಮತ್ತೆ ಪೇಟೆಂಟು ಪಡೆದ ಮೇಲೆಯೇ ಲೋಕದಲ್ಲಿ ಪ್ರಚಾರವಾಯಿತು. ಆ ಮೊದಲ ಟೈರುಗಳು ರಿಮ್ಮಿಗೆ ಅಂಟಿಕೊಂಡಿರುತ್ತಿದ್ದುದರಿಂದ, ಒಂದು ತೂತನ್ನು ಮುಚ್ಚುವುದಕ್ಕೆ ಗಂಟೆಗಟ್ಟಲೆ ಶ್ರಮಿಸಿ, ಅಂಟು ಒಣಗಲೆಂದು ರಾತ್ರಿಯೆಲ್ಲ ಕಾಯಬೇಕಾಗುತ್ತಿತ್ತು. ಫ್ರಾನ್ಸಿನ ಮಿಶೆಲಿನ್ ಸಹೋದರರು ಕಳಚಿ ತೊಡಿಸಬಹುದಾದ ಟೈರನ್ನು ಸಿದ್ಧಪಡಿಸಿದರು. 1891ರಲ್ಲಿ ಪ್ಯಾರಿಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ, ಸುಮಾರು 1200 ಕಿಲೋಮೀಟರಿನ ಪಂದ್ಯವನ್ನು ಶಾರ್ಲ್ ತೆರೋಂ ಎಂಬ ಸವಾರರು ಅದರ ಮೇಲೆಯೇ ಗೆದ್ದರು. ರಿಪೇರಿ ಸುಲಭವಾಯಿತು, ಚುಚ್ಚುವುದನ್ನು ತಡೆಯುವ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ಆ ಪ್ರಶ್ನೆಗೆ ಇಂದು ಮುಖ್ಯವಾಗಿ ಎರಡು ಉತ್ತರಗಳಿವೆ. ಮೊದಲನೆಯದು ನೇಯ್ಗೆಯ ಪಟ್ಟಿ. ಅಮೆರಿಕದ ಡ್ಯುಪಾಂಟ್ ಸಂಸ್ಥೆಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವೊಲೆಕ್ ಅವರ 1965ರ ಸಂಶೋಧನೆಯಿಂದ ಹುಟ್ಟಿದ ಕೆವ್ಲಾರ್, ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಐದು ಪಟ್ಟು ಬಲವುಳ್ಳ ನೂಲು. ಅಂಥ ನೂಲಿನ ತೆಳುವಾದ ಬಟ್ಟೆಯನ್ನು ನೆಲಕ್ಕೆ ತಾಗುವ ರಬ್ಬರಿನ ಅಡಿಯಲ್ಲಿ ಹುದುಗಿಸಿದಾಗ, ಗಾಜಿನ ಅಲಗು ಅದನ್ನು ಕೊಯ್ಯಲಾರದೆ ನಿಲ್ಲುತ್ತದೆ, ಟೈರೂ ಹೆಚ್ಚು ಭಾರವಾಗುವುದಿಲ್ಲ. ಆದರೆ ಬಟ್ಟೆ ಎಷ್ಟು ಬಲವಾದುದಾದರೂ ಎಳೆಗಳ ನಡುವೆ ಸಂದಿಯುಂಟು. ಸೂಜಿಯಂತಹ ಮುಳ್ಳೂ ತಂತಿಯೂ ಆ ಸಂದಿಯಲ್ಲಿ ನುಸುಳಿಬಿಡಬಲ್ಲವು. ಎರಡನೆಯ ಉತ್ತರವೇ ದಪ್ಪ ರಬ್ಬರಿನ ಮೆತ್ತೆ. ಜರ್ಮನಿಯ ಶ್ವಾಲ್ಬೆ ಸಂಸ್ಥೆಯ ಮ್ಯಾರಥಾನ್ ಪ್ಲಸ್ ಟೈರಿನಲ್ಲಿ ಈ ಮೆತ್ತೆ 5 ಮಿಲಿಮೀಟರು ದಪ್ಪವಾಗಿದ್ದು, ದಪ್ಪ ಅಟ್ಟೆಯ ಮೆಟ್ಟು ತೊಟ್ಟವನ ಅಂಗಾಲಿಗೆ ಮುಳ್ಳಿನ ಮೊನೆ ತಲಪದಿರುವಂತೆ, ಇಲ್ಲಿಯೂ ಕೇವಲ ದೂರದ ಬಲದಿಂದಲೇ ಟ್ಯೂಬು ಉಳಿಯುತ್ತದೆ. ನೆಗ್ಗಿಲಿನ ನಾಡಿನವರಿಗೆ ನಾನು ನಿಸ್ಸಂಶಯವಾಗಿ ಹೇಳುವುದು ಈ ಎರಡನೆಯದನ್ನೇ.

ಇದಕ್ಕೆ ತೆರಬೇಕಾದ ಬೆಲೆ ಹಣದ್ದು ಮಾತ್ರವಲ್ಲ. ಉರುಳುವ ಟೈರು ನೆಲಕ್ಕೆ ತಾಗಿದೆಡೆಯಲ್ಲೆಲ್ಲ ಬಾಗಿ ಮತ್ತೆ ನೆಟ್ಟಗಾಗುತ್ತದಷ್ಟೆ. ಹಾಗೆ ಬಾಗುವಾಗ ವ್ಯಯವಾದ ಶಕ್ತಿಯಲ್ಲಿ ಒಂದಂಶ ಹಿಂತಿರುಗದೆ ಶಾಖವಾಗಿ ಹೋಗುವುದರಿಂದ, ರಬ್ಬರು ದಪ್ಪವಾದಂತೆ ಕಾಲಿನ ಶ್ರಮವೂ ಹೆಚ್ಚುತ್ತದೆ. ಪಂದ್ಯದ ಸವಾರನಿಗೆ ಇದು ಸಹಿಸಲಾಗದ ನಷ್ಟ. ಬೆಳಗ್ಗೆ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಸೇರಬೇಕಾದವನಿಗೆ, ದಾರಿಯಲ್ಲಿ ಚಕ್ರ ಕಳಚಿ ಕೂರುವುದಕ್ಕಿಂತ ಒಂದೆರಡು ನಿಮಿಷ ತಡವಾಗಿ ತಲಪುವುದೇ ಲೇಸು.

ಎಂತಹ ಟೈರನ್ನು ಕೊಂಡರೂ ಗಾಳಿಯ ಒತ್ತಡ ತಪ್ಪಾಗಿದ್ದರೆ ಕೊಂಡದ್ದು ವ್ಯರ್ಥ. ಒತ್ತಡ ತೀರ ಇಳಿದಿದ್ದಲ್ಲಿ, ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಅಕ್ಕಪಕ್ಕದಲ್ಲಿ ಎರಡು ಸೀಳುಗಳಾಗುತ್ತವೆ. ಇದನ್ನು ಕೆವ್ಲಾರೂ ತಡೆಯದು. ಅತಿಯಾಗಿ ಬಿಗಿದ ಟೈರಾದರೋ ಹರಳಿನ ಮೇಲೆ ತಗ್ಗಿ ಒಗ್ಗಿಕೊಳ್ಳಲಾರದೆ ಬೇಗ ಕೊಯ್ದುಹೋಗುತ್ತದೆ. ಪಕ್ಕದ ಗೋಡೆಯ ಮೇಲೆ ಅಚ್ಚೊತ್ತಿರುವ ಮಿತಿಗಳೊಳಗೆ, ತನ್ನ ಮೈತೂಕಕ್ಕೂ ಹೊರುವ ಸಾಮಾನಿಗೂ ತಕ್ಕ ಒತ್ತಡವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಗಾಳಿ ಹೊಡೆಯಬೇಕು. ಆಗಲೇ ಟೈರನ್ನು ಮೆಲ್ಲನೆ ತಿರುಗಿಸಿ ನೋಡುವುದೂ ಅವಶ್ಯ. ಏಕೆಂದರೆ ಗಾಜಿನ ಚೂರು ಅನೇಕ ವೇಳೆ ಹೊಕ್ಕೊಡನೆಯೇ ಟ್ಯೂಬನ್ನು ಕೊಯ್ಯದೆ, ರಬ್ಬರಿನಲ್ಲಿ ನೆಟ್ಟು ನಿಂತು, ಕಿಲೋಮೀಟರಿಗೆ ಸುಮಾರು 460 ಬಾರಿ ಸುತ್ತುವ ಚಕ್ರದ ಪ್ರತಿ ಸುತ್ತಿನಲ್ಲಿಯೂ ಒಂದಿಷ್ಟು ಒಳಸರಿಯುತ್ತ ಹೋಗುತ್ತದೆ. ಅದನ್ನು ಗುಂಡುಸೂಜಿಯಿಂದ ಕಿತ್ತೆಸೆದರೆ ನಾಳೆಯ ಪಂಕ್ಚರು ಇಂದೇ ತಪ್ಪಿತು. ಮಳೆಗಾಲದಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ನೀರು ಸೋಕಿದ ರಬ್ಬರಿನಲ್ಲಿ ಗಾಜು ಜಾರಿಕೊಂಡು ಬೇಗನೆ ಇಳಿಯುತ್ತದೆ.

ಅಳತೆಯ ವಿಷಯದಲ್ಲಿ ಅಂಗುಲವನ್ನು ನಂಬತಕ್ಕದ್ದಲ್ಲ. ನಮ್ಮ ಹಳೆಯ ದೊಡ್ಡ ಸೈಕಲ್ಲಿನ 28 ಅಂಗುಲದ ಒಂದೂವರೆ ಅಂಗುಲ ದಪ್ಪದ ಟೈರು ಕೂರುವ ರಿಮ್ಮಿನ ವ್ಯಾಸ 635 ಮಿಲಿಮೀಟರಾದರೆ, ಈಗಿನ ಹೈಬ್ರಿಡ್ ಸೈಕಲ್ಲುಗಳ 700-ಸಿ ಟೈರಿನದು 622. 26 ಅಂಗುಲವೆಂದು ಮಾರುವ ಟೈರುಗಳಲ್ಲಿಯೂ 559ರವು, 590ರವು ಬೇರೆಬೇರೆಯಾಗಿವೆ, ಒಂದು ಇನ್ನೊಂದಕ್ಕೆ ಕೂಡುವುದಿಲ್ಲ. ಟೈರಿನ ಪಕ್ಕದಲ್ಲಿ 37-622 ಎಂಬಂತೆ ಬರೆದಿರುವುದರಲ್ಲಿ ಮೊದಲನೆಯದು ಅಗಲ, ಎರಡನೆಯದು ಈ ವ್ಯಾಸ. ಅಂಗಡಿಗೆ ಹೋಗುವಾಗ ಈ ಜೋಡಿ ಸಂಖ್ಯೆಯನ್ನೇ ಬರೆದುಕೊಂಡು ಹೋಗುವುದು ಕ್ಷೇಮ.

ಸವಾರನ ಭಾರ ಹೆಚ್ಚಾಗಿ ಹಿಂದಿನ ಚಕ್ರದ ಮೇಲೆಯೇ ಬೀಳುವುದರಿಂದ ಹಿಂದಿನ ಟೈರು ಮೊದಲು ಸವೆದು ಚಪ್ಪಟೆಯಾಗುತ್ತದೆ. ಅಡಿಯ ನೂಲು ಕಾಣಿಸಿಕೊಂಡಾಗ, ಹೊಸತನ್ನು ಹಿಂದಕ್ಕೆ ಹಾಕದೆ, ಮುಂದಿನ ಟೈರನ್ನು ಹಿಂದಕ್ಕೆ ಸಾಗಿಸಿ, ಹೊಸತನ್ನು ಮುಂದಿನ ಚಕ್ರಕ್ಕೆ ತೊಡಿಸಬೇಕು. ಓಟದ ನಡುವೆ ಹಿಂದಿನ ಗಾಳಿ ಹೋದರೆ ಸೈಕಲ್ಲು ಓಲಾಡಿಯಾದರೂ ನಿಲ್ಲುತ್ತದೆ, ಮುಂದಿನದು ಹೋದರೆ ಹ್ಯಾಂಡಲ್ಲು ಕೈತಪ್ಪಿ ಸವಾರನು ಬೀಳುತ್ತಾನೆ.