ಪೂರ್ತಿ ಅರ್ಥವಾಗುವ ಕಂಪ್ಯೂಟರು

ನಲವತ್ತು ವರ್ಷ ದಾಟಿದ ಒಂದು ಕಂಪ್ಯೂಟರಿನ ಬಗ್ಗೆ ಇವತ್ತಿಗೂ ಬಿರುಸಾಗಿ ಚರ್ಚೆ ಮಾಡುವ ಜನ ಇದ್ದಾರೆ. ಅವರ ತಕರಾರುಗಳು ಹೊರಗಿನವರಿಗೆ ವಿಚಿತ್ರವಾಗಿ ಕೇಳಿಸುತ್ತವೆ. ಪರದೆಯ ಚಿತ್ರಕ್ಕಾಗಿ ಪ್ರೊಸೆಸರನ್ನು ತಡೆದು ನಿಲ್ಲಿಸುವ ಕೆಲಸ ಗಡಿಯಾರದ 14335ನೇ ಮಿಡಿತಕ್ಕೆ ಶುರುವಾಗುತ್ತದೋ, 14336ನೇ ಮಿಡಿತಕ್ಕೋ? ಸತ್ತ ಮೆಮೊರಿ ಚಿಪ್ ಬದಲಿಸಿದರೆ ಸಾಕೋ, ಅದನ್ನು ಕೊಂದ ಟ್ರಾನ್ಸಿಸ್ಟರನ್ನು ಮೊದಲು ಹಿಡಿಯಬೇಕೋ? ಯಂತ್ರದ ಹೆಸರು ಝಡ್‌ಎಕ್ಸ್ ಸ್ಪೆಕ್ಟ್ರಮ್. ಬ್ರಿಟನ್ನಿನ ಕೇಂಬ್ರಿಜ್‌ನಲ್ಲಿದ್ದ ಕ್ಲೈವ್ ಸಿಂಕ್ಲೇರ್ ಅವರ ಕಂಪನಿ ಅದನ್ನು 1982ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಟಿವಿಗೆ ಜೋಡಿಸಿ, ಕ್ಯಾಸೆಟ್ ಪ್ಲೇಯರಿನಿಂದ ಪ್ರೋಗ್ರಾಂ ತುಂಬಿಸಿಕೊಂಡು ಬಳಸುವ ಪುಟ್ಟ ಕರಿ ಪೆಟ್ಟಿಗೆ ಅದು. ಅದನ್ನು ರಿಪೇರಿ ಮಾಡುತ್ತ, ಅದಕ್ಕಾಗಿ ಹೊಸ ಪ್ರೋಗ್ರಾಂ ಬರೆಯುತ್ತ ಕೂತವರನ್ನು ಕಂಡರೆ ‘ಬಾಲ್ಯದ ಹಳಹಳಿಕೆ’ ಎಂದು ನಕ್ಕು ಮುಂದೆ ಹೋಗುವುದು ರೂಢಿ. ಆ ನಗೆಯಲ್ಲಿ ಒಂದು ಮುಖ್ಯ ಸಂಗತಿ ಕಣ್ತಪ್ಪುತ್ತದೆ. ಕಂಪ್ಯೂಟರೊಂದನ್ನು ತಳದಿಂದ ತುದಿಯವರೆಗೆ ಸಾಮಾನ್ಯ ಮನುಷ್ಯ ಅರ್ಥ ಮಾಡಿಕೊಳ್ಳಲು ಇನ್ನೂ ಸಾಧ್ಯವಿರುವ ಕೆಲವೇ ಜಾಗಗಳಲ್ಲಿ ಇದೂ ಒಂದು. ಆ ತಿಳಿವಳಿಕೆಯ ದೊಡ್ಡ ಪಾಲನ್ನು ಕಂಪನಿ ಯಾರಿಗೂ ಕೊಟ್ಟು ಹೋಗಲಿಲ್ಲ, ಹವ್ಯಾಸಿಗಳೇ ಅಗೆದು ತೆಗೆದರು.

ಮೊದಲು ಯಂತ್ರವನ್ನು ನೋಡೋಣ. ಸಿಂಕ್ಲೇರ್ ಅವರ ಹಟ ಒಂದೇ, ಬೆಲೆ ಕಡಿಮೆ ಇರಬೇಕು. 16 ಕೆಬಿ ಮೆಮೊರಿಯ ಮಾದರಿಗೆ 125 ಪೌಂಡ್, 48 ಕೆಬಿಯದಕ್ಕೆ 175. ಈ ಹಟದ ಗುರುತು ಯಂತ್ರದ ಒಡಲಲ್ಲಿ ಎಲ್ಲೆಡೆ ಕಾಣುತ್ತದೆ. 48 ಕೆಬಿ ಮಾದರಿಯ ಮೇಲಿನ 32 ಕೆಬಿಗೆ ಬಳಸಿದ ಎಂಟು ಚಿಪ್‌ಗಳು ಅಸಲಿಗೆ ಎರಡರಷ್ಟು ಸಾಮರ್ಥ್ಯದವು, ಆದರೆ ಪರೀಕ್ಷೆಯಲ್ಲಿ ಅರ್ಧಭಾಗ ಫೇಲಾದವು. ತಯಾರಕರು ಅವನ್ನು ಅಗ್ಗಕ್ಕೆ ಮಾರುತ್ತಿದ್ದರು. ಯಾವ ಅರ್ಧ ನೆಟ್ಟಗಿದೆ ಎಂದು ಸೂಚಿಸಲು ಬೋರ್ಡಿನ ಮೇಲೆ ಒಂದು ಚಿಕ್ಕ ತಂತಿಕೊಂಡಿ ಇರುತ್ತಿತ್ತು, ಅಷ್ಟೇ. ಕೆಳಗಿನ 16 ಕೆಬಿಯ ಚಿಪ್‌ಗಳದು ಬೇರೆ ಕಥೆ. ಅವಕ್ಕೆ 5 ವೋಲ್ಟ್, 12 ವೋಲ್ಟ್, ಜೊತೆಗೆ ಋಣ 5 ವೋಲ್ಟ್ ಹೀಗೆ ಮೂರು ಬಗೆಯ ವಿದ್ಯುತ್ ಬೇಕು. ಹೊರಗಿನಿಂದ ಬರುವ 9 ವೋಲ್ಟ್‌ನಿಂದ ಇವನ್ನು ಹುಟ್ಟಿಸುವುದರಲ್ಲಿ ಒಂದು ಸಣ್ಣ ಟ್ರಾನ್ಸಿಸ್ಟರಿಗೂ ಒಂದು ತಂತಿಸುರುಳಿಗೂ ಪಾಲಿದೆ. ಋಣ 5 ವೋಲ್ಟ್ ಕಾಣೆಯಾಗಿ 12 ವೋಲ್ಟ್ ಹಾಗೇ ಉಳಿದರೆ ಚಿಪ್‌ಗಳು ಕಾದು ಸಾಯುತ್ತವೆ. ಅದಕ್ಕೇ ಪಳಗಿದ ಕೈಗಳು ಹೇಳುವ ಮೊದಲ ಬುದ್ಧಿಮಾತು: ಬೆಸುಗೆಕಡ್ಡಿ ಕೆಳಗಿಡಿ, ಮೀಟರ್ ಹಿಡಿದು ಮೂರೂ ವೋಲ್ಟೇಜ್ ಅಳೆಯಿರಿ. ಇಲ್ಲವಾದರೆ ಹೊಸ ಚಿಪ್ಪೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಸ್ಪೆಕ್ಟ್ರಮ್ ಕಂಡವರೆಲ್ಲ ಗುರುತಿಸುವ ಅದರ ಕುಂದು, ಬಣ್ಣಗಳ ಕಲಬೆರಕೆ. ಕೆಂಪು ಮನುಷ್ಯಾಕೃತಿ ಹಸಿರು ಮರದ ಮುಂದೆ ಹಾದರೆ ಮರದ ಒಂದು ಚೌಕವೂ ಕೆಂಪಾಗಿಬಿಡುತ್ತದೆ. ಇದನ್ನು ಹಾಸ್ಯ ಮಾಡುವವರು ಲೆಕ್ಕ ಹಾಕಿ ನೋಡಿರುವುದಿಲ್ಲ. ಪರದೆಯ ಅಗಲ 256 ಚುಕ್ಕೆ, ಎತ್ತರ 192, ಒಟ್ಟು 49,152 ಚುಕ್ಕೆಗಳು. ಲಭ್ಯವಿದ್ದ ಹದಿನೈದು ಬಣ್ಣಗಳಲ್ಲಿ ಪ್ರತಿ ಚುಕ್ಕೆಗೂ ತನ್ನದೇ ಬಣ್ಣ ಕೊಡಬೇಕೆಂದರೆ 24,576 ಬೈಟ್ ಬೇಕು. ಅಗ್ಗದ ಮಾದರಿಯಲ್ಲಿದ್ದ ಮೆಮೊರಿ ಎಲ್ಲ ಸೇರಿ 16,384 ಬೈಟ್. ಹಾಗಾಗಿ ಹಾರ್ಡ್‌ವೇರ್ ರೂಪಿಸಿದ ರಿಚರ್ಡ್ ಆಲ್ಟ್‌ವಾಸರ್ ಚುಕ್ಕೆಗಳನ್ನೂ ಬಣ್ಣವನ್ನೂ ಬೇರೆಬೇರೆ ಮಾಡಿದರು. ಚುಕ್ಕೆ ಇದೆಯೋ ಇಲ್ಲವೋ ಎನ್ನುವುದಕ್ಕೆ 6,144 ಬೈಟ್. ಎಂಟಕ್ಕೆಂಟು ಚುಕ್ಕೆಗಳ ಒಂದೊಂದು ಮನೆಗೆ ಎರಡೇ ಬಣ್ಣ, ಅಂಥ 768 ಮನೆಗಳಿಗೆ ತಲಾ ಒಂದು ಬೈಟ್. ಒಟ್ಟು 6,912 ಬೈಟ್‌ಗಳಲ್ಲಿ ಬಣ್ಣದ ಚಿತ್ರ ಮುಗಿಯಿತು. ಕುಂದೆಂದು ಕಾಣುವುದು ಬಿಗಿಯಾದ ಕಟ್ಟುಪಾಡಿನೊಳಗೆ ಮಾಡಿದ ಆಯ್ಕೆ, ಮತ್ತು ಆ ಆಯ್ಕೆಯ ಕಾರಣವನ್ನು ಒಂದು ಹಾಳೆಯ ಮೇಲೆ ಯಾರು ಬೇಕಾದರೂ ಬರೆದು ತಾಳೆ ನೋಡಬಹುದು.

ಇನ್ನೂ ಸ್ವಾರಸ್ಯದ್ದು ಮುಂದಿದೆ. ಕ್ಯಾಸೆಟ್‌ನಿಂದ ಚಿತ್ರವೊಂದು ಪರದೆಗೆ ಬರುವಾಗ ಮೇಲಿನಿಂದ ಕೆಳಕ್ಕೆ ಸರಾಗವಾಗಿ ಇಳಿಯುವುದಿಲ್ಲ. ಪರದೆ ಮೂರು ಪಾಲಾಗಿರುತ್ತದೆ. ಮೊದಲ ಪಾಲಿನಲ್ಲಿ ಒಂದು ಗೆರೆ, ಆಮೇಲೆ ಏಳು ಗೆರೆ ಬಿಟ್ಟು ಇನ್ನೊಂದು, ಹೀಗೆ ಆ ಪಾಲಿನ ಕೊನೆ ಮುಟ್ಟಿ ಮತ್ತೆ ಮೇಲೆ ಬಂದು ನಡುವಿನ ಜಾಗ ತುಂಬುತ್ತದೆ. ಹೊಸಬರಿಗೆ ಇದು ತಲೆಕೆಟ್ಟವರ ಯೋಜನೆ ಅನ್ನಿಸುತ್ತದೆ. ಆದರೆ ಮೆಮೊರಿ ಚಿಪ್ಪಿನ ಗುಣ ಗೊತ್ತಾದರೆ ಗಂಟು ಬಿಚ್ಚಿಕೊಳ್ಳುತ್ತದೆ. ಆ ಚಿಪ್‌ಗಳು ವಿಳಾಸವನ್ನು ಎರಡು ಕಂತಿನಲ್ಲಿ ಕೇಳುತ್ತವೆ, ಮೊದಲು ಸಾಲು, ಆಮೇಲೆ ಕಂಬ. ಸಾಲು ಒಮ್ಮೆ ತೆರೆದರೆ ಅದೇ ಸಾಲಿನ ಎರಡನೇ ಬೈಟ್ ಬೇಗ ಕೈಗೆ ಸಿಗುತ್ತದೆ. ಚಿತ್ರ ಬಿಡಿಸುವ ಚಿಪ್ಪಿಗೆ ಪ್ರತಿ ಮನೆಗೂ ಎರಡು ಬೈಟ್ ಬೇಕು, ಚುಕ್ಕೆಗಳದೊಂದು, ಬಣ್ಣದ್ದೊಂದು. ಆ ಎರಡರ ವಿಳಾಸದ ಕೆಳಭಾಗ ಒಂದೇ ಆಗಿರುವಂತೆ ಹೊಂದಿಸಿದರೆ ಸಾಲನ್ನು ಒಂದೇ ಸಲ ತೆರೆದು ಎರಡನ್ನೂ ಎತ್ತಿಕೊಳ್ಳಬಹುದು. ಹಾಗೆ ಹೊಂದಿಸಲು ಹೋದಾಗಲೇ ಗೆರೆಗಳು ಚದುರಿದ್ದು. ಇದರಿಂದ ಇನ್ನೊಂದು ಲಾಭವೂ ಆಯಿತು: ಒಂದು ಅಕ್ಷರ ಮೂಡಿಸುವಾಗ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ವಿಳಾಸದ ಮೇಲಿನ ಬೈಟಿಗೆ ಒಂದನ್ನು ಕೂಡಿದರೆ ಸಾಕು. ಪರದೆಯ ಮೇಲೆ ಕಾಣುವ ಒಂದು ವಿಚಿತ್ರದಿಂದ ಹೊರಟು ನೇರವಾಗಿ ಚಿಪ್ಪಿನ ಕಾಲುಗಳವರೆಗೆ ಇಳಿಯುವ ಇಂಥ ದಾರಿ ಇವತ್ತಿನ ಯಾವ ಫೋನಿನಲ್ಲಿ ಸಿಗುತ್ತದೆ?

ಆರಂಭದಲ್ಲಿ ಹೇಳಿದ 14335ರ ತಕರಾರೂ ಇಲ್ಲಿಂದಲೇ ಹುಟ್ಟುತ್ತದೆ. ಚಿತ್ರ ಬಿಡಿಸುವ ಯುಎಲ್‌ಎ ಚಿಪ್ಪೂ ಪ್ರೊಸೆಸರ್ ಝಡ್80 ಕೂಡ ಕೆಳಗಿನ 16 ಕೆಬಿಯನ್ನು ಹಂಚಿಕೊಂಡಿವೆ, ವಠಾರದ ಎರಡು ಮನೆಗಳಿಗೆ ಒಂದೇ ನಲ್ಲಿ ಇದ್ದ ಹಾಗೆ. ಟಿವಿಯ ಕಿರಣ ಯಾರಿಗೂ ಕಾಯುವುದಿಲ್ಲವಾದ್ದರಿಂದ ಯುಎಲ್‌ಎಗೆ ಮೊದಲ ಹಕ್ಕು. ಅದು ಝಡ್80ರ ಗಡಿಯಾರವನ್ನೇ ಆರು ಮಿಡಿತಗಳವರೆಗೆ ತಡೆದು ನಿಲ್ಲಿಸುತ್ತದೆ. ಒಂದು ಪೂರ್ತಿ ಚಿತ್ರಕ್ಕೆ 69,888 ಮಿಡಿತ, ಒಂದು ಗೆರೆಗೆ 224. ಈ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡವರು ಒಂದು ಕಳ್ಳದಾರಿ ಹುಡುಕಿದರು. ಕಿರಣ ಒಂದು ಗೆರೆ ಮುಗಿಸಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಬಣ್ಣದ ಬೈಟ್‌ಗಳನ್ನು ಬದಲಿಸಿಬಿಟ್ಟರೆ ಒಂದೇ ಮನೆಯೊಳಗೆ ಎರಡಕ್ಕಿಂತ ಹೆಚ್ಚು ಬಣ್ಣ ಕಾಣಿಸುತ್ತದೆ. ಝಡ್80ರ ಪುಷ್ ಆದೇಶ 11 ಮಿಡಿತದಲ್ಲಿ ಎರಡು ಬೈಟ್ ಬರೆಯುತ್ತದೆ. ತಡೆಗಳನ್ನೂ ಬೈಟ್‌ಗಳನ್ನು ಹೊತ್ತು ತರುವ ಸಮಯವನ್ನೂ ಕಳೆದರೆ ಒಂದು ಗೆರೆಯ ಅವಧಿಯಲ್ಲಿ ಪರದೆಯ ಇಡೀ ಅಗಲಕ್ಕೆ ಬಣ್ಣ ಬದಲಿಸುವುದು ಆಗದ ಮಾತು. ಎರಡು ಗೆರೆಯ ಅವಧಿ ಸಿಕ್ಕರೆ ಹೆಚ್ಚುಕಡಿಮೆ ಆಗುತ್ತದೆ. ಯಂತ್ರದ ಉತ್ಪಾದನೆ ನಿಂತು ಎರಡು ದಶಕ ಕಳೆದ ಮೇಲೆ ಹವ್ಯಾಸಿಗಳ ನಡುವೆ ಹರಡಿದ ‘ನಿರ್ವಾಣ’ ಎಂಬ ಎಂಜಿನ್ ಮಾಡುವುದು ಇದನ್ನೇ. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಚೆನ್ನಾಗಿಯೇ ಇತ್ತು.

ಇಷ್ಟೆಲ್ಲ ಕೈಪಿಡಿಯಲ್ಲಿತ್ತೇ ಎಂದರೆ, ಇರಲಿಲ್ಲ. ಜೊತೆಗೆ ಬರುತ್ತಿದ್ದ ಬೇಸಿಕ್ ಕೈಪಿಡಿ ಒಳ್ಳೆಯದೇ, ಆದರೆ ಯಂತ್ರದ ಹೊಟ್ಟೆಯೊಳಗಿನ ಮಿಡಿತಗಳ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ರೋಮ್, ಅಂದರೆ ಅಳಿಸಲಾಗದ 16 ಕೆಬಿಯ ಮೂಲ ಪ್ರೋಗ್ರಾಂ, 1983ರಲ್ಲೇ ಪೂರ್ತಿ ಬಿಚ್ಚಿಕೊಂಡಿತು. ಇಯಾನ್ ಲೋಗನ್ ಮತ್ತು ಫ್ರಾಂಕ್ ಓಹಾರ ಅದರ ಒಂದೊಂದು ಆದೇಶವನ್ನೂ ವಿವರಿಸಿ ಪುಸ್ತಕ ಮಾಡಿದರು. ಯುಎಲ್‌ಎ ಮಾತ್ರ ದಶಕಗಳ ಕಾಲ ಮುಚ್ಚಿದ ಪೆಟ್ಟಿಗೆಯಾಗಿಯೇ ಉಳಿಯಿತು. ಫೆರಾಂಟಿ ಕಂಪನಿ ತಯಾರಿಸಿದ ಆ ಚಿಪ್ಪಿನ ಒಳರಚನೆಯನ್ನು ಕ್ರಿಸ್ ಸ್ಮಿತ್ ಸಿಲಿಕಾನ್ ಮಟ್ಟಕ್ಕೆ ಇಳಿದು ಬಿಡಿಸಿ, 2010ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಲಾಜಿಕ್ ಚಿಪ್‌ಗಳಿಂದಲೇ ಯುಎಲ್‌ಎ ಇಲ್ಲದ ಸ್ಪೆಕ್ಟ್ರಮ್ ಕಟ್ಟಿದ ಹಾರ್ಲೆಕ್ವಿನ್ ಯೋಜನೆಯೂ ಅವರದೇ. ಝಡ್80ರ ಒಳಗೆ ಎಂಟು ಬಿಟ್‌ನ ಲೆಕ್ಕ ನಾಲ್ಕು ನಾಲ್ಕು ಬಿಟ್‌ಗಳ ಎರಡು ಕಂತಿನಲ್ಲಿ ನಡೆಯುತ್ತದೆ ಎಂಬ ವಿವರವನ್ನು ಕೆನ್ ಶಿರಿಫ್ ಚಿಪ್ಪಿನ ಚಿತ್ರಗಳನ್ನು ಓದಿ ಜನಸಾಮಾನ್ಯರ ಮುಂದಿಟ್ಟರು. 1986ರಲ್ಲಿ ಸಿಂಕ್ಲೇರ್ ಕಂಪ್ಯೂಟರುಗಳ ವ್ಯವಹಾರ ಕೊಂಡ ಆಮ್‌ಸ್ಟ್ರಾಡ್ ಕಂಪನಿ, 1999ರಲ್ಲಿ ಎಮ್ಯುಲೇಟರುಗಳ, ಅಂದರೆ ಹೊಸ ಕಂಪ್ಯೂಟರಿನ ಮೇಲೆ ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಂಗಳ ಜೊತೆ ರೋಮ್ ಹಂಚಲು ಅನುಮತಿ ಕೊಟ್ಟಿತು. ಮಾಲೀಕರು ಮಾಡಿದ ದೊಡ್ಡ ಉಪಕಾರ ಇದು. ಉಳಿದ ದುಡಿಮೆ ಬಿಡುವಿನ ಹೊತ್ತಿನವರದು.

ಹಳಹಳಿಕೆಯ ಆಕ್ಷೇಪಕ್ಕೆ ಬರೋಣ. ಬ್ರಿಟನ್ನಿನ ಮಟ್ಟಿಗೆ ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಹರೆಯದಲ್ಲಿ ಆಡಿದ ಆಟ ಮತ್ತೆ ಆಡುವ ಆಸೆಯಿಂದಲೇ ಹಲವರು ಅಟ್ಟದಿಂದ ಯಂತ್ರ ಇಳಿಸುತ್ತಾರೆ. ಆದರೆ ಆ ಆಸೆ ಒಂದು ಸಂಜೆಗೆ ತೀರುತ್ತದೆ, ಮಿಡಿತ ಎಣಿಸುವ ಕೆಲಸಕ್ಕೆ ಅದು ಸಾಲದು. ಸೋವಿಯತ್ ಒಕ್ಕೂಟದ ಕಡೆ ನೋಡಿದರೆ ವಾದ ಇನ್ನೂ ಸಡಿಲವಾಗುತ್ತದೆ. ಅಲ್ಲಿ ಫೆರಾಂಟಿಯ ಚಿಪ್ ಸಿಗುತ್ತಿರಲಿಲ್ಲ. ಎಂಜಿನಿಯರುಗಳು ಸಾಮಾನ್ಯ ಲಾಜಿಕ್ ಚಿಪ್‌ಗಳಿಂದ ನಕಲು ಯಂತ್ರ ಕಟ್ಟಿದರು, ಲೆನಿನ್‌ಗ್ರಾಡ್, ಪೆಂಟಗನ್ ಎಂಬ ಹೆಸರುಗಳಲ್ಲಿ ಅವು ಹಬ್ಬಿದವು. ಪೆಂಟಗನ್‌ನಲ್ಲಿ ಪ್ರೊಸೆಸರಿಗೆ ತಡೆಯೇ ಇಲ್ಲ, ಒಂದು ಚಿತ್ರಕ್ಕೆ 71,680 ಮಿಡಿತ. ಅದಕ್ಕಾಗಿ ಬರೆದ ಪ್ರದರ್ಶನ ಪ್ರೋಗ್ರಾಂ ಮೂಲ ಸ್ಪೆಕ್ಟ್ರಮ್ ಮೇಲೆ ಚಿಂದಿಯಾಗಿ ಕಾಣುತ್ತದೆ. ಯಾವ ಅಂಗಡಿಯೂ ಮಾರದ ಯಂತ್ರವನ್ನು ತಿಳಿವಳಿಕೆಯ ಬಲದಿಂದಲೇ ಕಟ್ಟಿಕೊಂಡವರ ಹವ್ಯಾಸಕ್ಕೆ ಬ್ರಿಟಿಷ್ ಬಾಲ್ಯದ ನೆನಪನ್ನು ಕಾರಣವಾಗಿ ಹೇಳಲಾಗದು. ಭಾರತದಲ್ಲಿ ಡೆಸಿಬೆಲ್ಸ್ ಎಂಬ ಕಂಪನಿ ಎಂಬತ್ತರ ದಶಕದಲ್ಲಿ ಸ್ಪೆಕ್ಟ್ರಮ್ ಪ್ಲಸ್ ಮಾದರಿಯನ್ನು ಪರವಾನಗಿ ಪಡೆದು ಮಾರಿತ್ತು. ಆದರೂ ನಮ್ಮಲ್ಲಿ ಹೆಚ್ಚಿನವರಿಗೆ ಇದರ ನೆನಪೇ ಇಲ್ಲ. ಒಂದು ಲೆಕ್ಕದಲ್ಲಿ ಅದು ಅನುಕೂಲ, ಭಾವುಕತೆಯ ಅಡ್ಡಿಯಿಲ್ಲದೆ ಯಂತ್ರವನ್ನು ಯಂತ್ರವಾಗಿಯೇ ನೋಡಬಹುದು.

ಎರಡನೇ ಆಕ್ಷೇಪ ಹೆಚ್ಚು ಗಟ್ಟಿಯದು. ಉಚಿತ ಎಮ್ಯುಲೇಟರ್ ಇರುವಾಗ ಹಳೆಯ ಪ್ಲಾಸ್ಟಿಕ್ಕಿನ ಹಿಂದೆ ಬೀಳುವುದೇಕೆ? ಆಟ ಆಡುವವರಿಗೆ ಎಮ್ಯುಲೇಟರ್ ಸಾಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ಎಮ್ಯುಲೇಟರ್ ನಿಜ ಹೇಳುತ್ತಿದೆ ಎಂದು ಖಾತ್ರಿ ಮಾಡುವವರು ಯಾರು? ಒಂದೇ ಮಾದರಿಯ ಸ್ಪೆಕ್ಟ್ರಮ್‌ಗಳಲ್ಲೂ ಪ್ರೊಸೆಸರನ್ನು ತಡೆಯುವ ಗಳಿಗೆ ಒಂದು ಮಿಡಿತ ಆಚೀಚೆ ಇರುತ್ತದೆ, ಯಂತ್ರ ಬಿಸಿಯಾದರೆ ಅದೇ ಯಂತ್ರದಲ್ಲೂ ಜಾರಬಹುದು. ಎಮ್ಯುಲೇಟರುಗಳಲ್ಲಿ ‘ಮುಂಚಿನದು’, ‘ತಡವಾದದ್ದು’ ಎಂಬ ಎರಡು ಆಯ್ಕೆ ಇರುವುದು ಇದಕ್ಕೇ. ನಿಜವಾದ ಬೋರ್ಡಿನ ಮೇಲೆ ಪರೀಕ್ಷಾ ಪ್ರೋಗ್ರಾಂ ಓಡಿಸಿ ನೋಡದೆ ಇದು ಯಾರಿಗೂ ಹೊಳೆಯುವಂಥದ್ದಲ್ಲ. ಎಮ್ಯುಲೇಟರ್ ಈ ಹವ್ಯಾಸದ ಫಲ, ಬೇರನ್ನು ಕಡಿದರೆ ಫಲವನ್ನು ತಿದ್ದುವ ದಾರಿಯೂ ಮುಚ್ಚುತ್ತದೆ.

ಇದರಿಂದ ಉಪಯೋಗವೇನು ಎನ್ನುವವರಿಗೆ ಅರ್ಧ ಸೋಲೊಪ್ಪಬೇಕು. ಝಡ್80ರಲ್ಲಿ ಇರುವುದು ಸುಮಾರು 8,500 ಟ್ರಾನ್ಸಿಸ್ಟರ್, ಇವತ್ತಿನ ಫೋನಿನ ಪ್ರೊಸೆಸರಿನಲ್ಲಿ ನೂರಾರು ಕೋಟಿ. ಚಿಕ್ಕದನ್ನು ಅರೆದು ಕುಡಿದರೂ ದೊಡ್ಡದು ಒಲಿಯುವುದಿಲ್ಲ, ಕೆಲಸ ಕೊಡುವವರೂ ಅದನ್ನು ಕೇಳುವುದಿಲ್ಲ. ‘ಪೂರ್ತಿ ಅರ್ಥ’ ಎಂಬ ಮಾತಿಗೂ ಒಂದು ಮಿತಿ ಇದೆ. ಬೆಸುಗೆ ಬಲ್ಲವರಿಗೆ ಯಂತ್ರದ ಪುಟ್ಟ ಸ್ಪೀಕರಿನಿಂದ ಹೊಮ್ಮಿಸುವ ಬೀಪರ್ ಸಂಗೀತದ ಗುಟ್ಟು ಗೊತ್ತಿರಲಿಕ್ಕಿಲ್ಲ, ಪ್ರೋಗ್ರಾಂ ಬರೆಯುವವರು ಮೀಟರ್ ಮುಟ್ಟಿರಲಿಕ್ಕಿಲ್ಲ. ಆದರೂ ಯಾವ ಪ್ರಶ್ನೆ ಕೇಳಿದರೂ ಉತ್ತರದವರೆಗೆ ದಾರಿ ತೆರೆದಿದೆ, ನಡುವೆ ಕಂಪನಿಯ ಬೀಗ ಇಲ್ಲ. ಇನ್ನು, ಸಾಲು ತೆರೆದು ಕಂಬ ಹುಡುಕುವ ಮೆಮೊರಿಯ ಪದ್ಧತಿ ಹಳೆಯ ಕಾಲಕ್ಕೇ ಮುಗಿದದ್ದಲ್ಲ. ಇವತ್ತಿನ ಡಿಡಿಆರ್ ಮೆಮೊರಿಯಲ್ಲೂ ತೆರೆದ ಸಾಲಿನ ಓದು ಅಗ್ಗ, ಹೊಸ ಸಾಲು ತೆರೆಯುವುದು ದುಬಾರಿ. ಅದನ್ನು ಪುಸ್ತಕದಲ್ಲಿ ಓದುವುದಕ್ಕೂ ಚದುರಿದ ಗೆರೆಗಳಲ್ಲಿ ಕಣ್ಣಾರೆ ಕಾಣುವುದಕ್ಕೂ ವ್ಯತ್ಯಾಸ ಇದೆ.

ಹವ್ಯಾಸಿಗಳ ಒಳಜಗಳಗಳಲ್ಲಿ ಒಂದು, ಎಷ್ಟು ಬದಲಿಸಿದರೆ ಯಂತ್ರ ತನ್ನತನ ಕಳೆದುಕೊಳ್ಳುತ್ತದೆ ಎಂಬುದು. ಮೆಮೊರಿ, ಯುಎಲ್‌ಎಗೆ ಬದಲಿ, ಕೀಲಿಮಣೆಯ ಪೊರೆ, ಹೊರಕವಚ ಎಲ್ಲವೂ ಈಗ ಹೊಸದಾಗಿ ಸಿಗುತ್ತವೆ. 1982ರ ಒಂದು ಬಿಡಿಭಾಗವೂ ಇಲ್ಲದ ಸ್ಪೆಕ್ಟ್ರಮ್ ಕಟ್ಟಬಹುದು. ವಸ್ತುಸಂಗ್ರಹಾಲಯದವರು ಮೂಲವನ್ನು ಮುಟ್ಟದಿರಲಿ, ಮನೆಯವರು ಧಾರಾಳವಾಗಿ ಬದಲಿಸಿಕೊಳ್ಳಲಿ ಎನ್ನುವುದೇ ನನಗೆ ಸರಿ ಕಾಣುತ್ತದೆ. 1976ರಿಂದ ಬರುತ್ತಿದ್ದ ಝಡ್80ರ ಮೂಲ ಸರಣಿಯನ್ನು ನಿಲ್ಲಿಸುವುದಾಗಿ ಝೈಲಾಗ್ ಕಂಪನಿ 2024ರಲ್ಲಿ ಪ್ರಕಟಿಸಿದಾಗಲೂ ಗಾಬರಿ ಹೆಚ್ಚು ದಿನ ಉಳಿಯಲಿಲ್ಲ. ಅದರ ಮುಕ್ತ ವಿನ್ಯಾಸವನ್ನು ಸಿಲಿಕಾನ್‌ಗೆ ಇಳಿಸುವ ಪ್ರಯತ್ನ ಅದೇ ವರ್ಷ ಶುರುವಾಯಿತು. ಚಿಪ್ ಹೇಗೆ ಕೆಲಸ ಮಾಡುತ್ತದೆಂದು ಗೊತ್ತಿರುವವರೆಗೆ ಚಿಪ್ಪನ್ನು ಮತ್ತೆ ಮಾಡಬಹುದು. ಮತ್ತೆ ಮಾಡಲಾಗದ್ದು ಬೇರೆ ಇದೆ: ಪ್ರೋಗ್ರಾಂ ಬರೆದವರು ತಮ್ಮ ಟಿಪ್ಪಣಿಗಳ ಸಹಿತ ಉಳಿಸಿಟ್ಟ ಮೂಲ ಬರಹ. ಅದರಲ್ಲಿ ಸ್ವಲ್ಪ ಭಾಗ ಸಿಂಕ್ಲೇರ್ ಅವರದೇ ಮೈಕ್ರೊಡ್ರೈವ್ ಎಂಬ ಪುಟ್ಟ ಟೇಪ್ ಕಾರ್ಟ್ರಿಜ್‌ಗಳಲ್ಲಿ ಸಿಕ್ಕಿಕೊಂಡಿದೆ. ಟೇಪನ್ನು ಓದುವ ತಲೆಗೆ ಒತ್ತಿಹಿಡಿಯುವ ಮೆತ್ತೆ ಅವುಗಳಲ್ಲಿ ಪುಡಿಯಾಗುತ್ತಿದೆ. ಹಾಗಾಗಿ ಅಂಥ ಕಾರ್ಟ್ರಿಜ್ ಕೈಗೆ ಸಿಕ್ಕಾಗ ಬಲ್ಲವರು ಅದನ್ನು ಯಂತ್ರಕ್ಕೆ ಹಾಕಲು ಆತುರಪಡುವುದಿಲ್ಲ, ಮೊದಲು ಬಿಚ್ಚಿ ಮೆತ್ತೆ ಬದಲಿಸುತ್ತಾರೆ.