ಮಿಲಿಸೆಕೆಂಡಿನಲ್ಲಿ ಸಿಕ್ಕ ಗ್ರಹಗಳು

ಸೌರಮಂಡಲದ ಆಚೆ ಖಚಿತವಾಗಿ ಸಿಕ್ಕ ಮೊದಲ ಗ್ರಹಗಳನ್ನು ಯಾರೂ ಕಣ್ಣಾರೆ ಕಂಡಿದ್ದಲ್ಲ. ಗಡಿಯಾರ ನೋಡಿ ಪತ್ತೆ ಹಚ್ಚಿದ್ದು! ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಓದುತ್ತಿರುವ ನನಗೆ ಸಿಗ್ನಲ್, ನಾಯ್ಸ್ ಎಂದರೆ ಪರೀಕ್ಷೆಯ ಹತ್ತು ಅಂಕದ ಪ್ರಶ್ನೆಗಳಷ್ಟೇ ಆಗಿದ್ದವು. ಪಲ್ಸಾರ್‌ಗಳ ಬಗ್ಗೆ ಓದಿದ ಮೇಲೆ ಆ ಪಾಠಗಳಿಗೆ ಜೀವ ಬಂತು.

ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ, ಒಂದು ನಗರದಷ್ಟೇ ಗಾತ್ರದ ತಿರುಳು ಗಿರಗಿರನೆ ಸುತ್ತುತ್ತಿರುತ್ತದೆ. ಅದರ ರೇಡಿಯೊ ಕಿರಣ ಲೈಟ್‌ಹೌಸ್‌ನ ಬೆಳಕಿನಂತೆ ನಮ್ಮತ್ತ ಬಂದುಹೋಗುತ್ತದೆ. ಅದೇ ಪಲ್ಸಾರ್. ಪ್ರತಿ ಸುತ್ತಿಗೂ ಒಂದು ಮಿಡಿತ. ಸುತ್ತ ಗ್ರಹವಿದ್ದರೆ ಅದರ ಸೆಳೆತಕ್ಕೆ ಪಲ್ಸಾರ್ ಕೂಡ ತುಸು ಓಲಾಡುತ್ತದೆ. ನಮ್ಮ ಕಡೆ ಸರಿದಾಗ ಮಿಡಿತ ಬೇಗ ತಲುಪುತ್ತದೆ; ದೂರ ಸರಿದಾಗ ತಡವಾಗುತ್ತದೆ.

1990ರಲ್ಲಿ ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕ ದುರಸ್ತಿಯಲ್ಲಿತ್ತು. ಬೇಕಾದ ಕಡೆ ತಿರುಗಿಸಲು ಆಗುತ್ತಿರಲಿಲ್ಲ. ಆ ಬಿಡುವಿನ ಸಮಯ ಪೋಲೆಂಡ್‌ ಮೂಲದ ಅಲೆಕ್ಸಾಂಡರ್ ವೋಲ್ಶ್‌ಚಾನ್ ಅವರಿಗೆ ಧಾರಾಳವಾಗಿ ಸಿಕ್ಕಿತು. ಅವರು ಕಂಡ ಒಂದು ಪಲ್ಸಾರ್ ಸೆಕೆಂಡಿಗೆ ಸುಮಾರು 161 ಸುತ್ತು ತಿರುಗುತ್ತಿತ್ತು. ಆದರೆ ಮಿಡಿತಗಳು ಲೆಕ್ಕದ ಸಮಯಕ್ಕೆ ಬರುತ್ತಿರಲಿಲ್ಲ. 1992ರಲ್ಲಿ ಅವರು ಡೇಲ್ ಫ್ರೇಲ್ ಜೊತೆ ಸೇರಿ ಕಾರಣ ಪ್ರಕಟಿಸಿದರು: ಅಲ್ಲಿ ಎರಡು ಗ್ರಹಗಳಿವೆ. ಒಂದು ಸುಮಾರು 67 ದಿನಕ್ಕೆ, ಇನ್ನೊಂದು 98 ದಿನಕ್ಕೆ ಸುತ್ತು ಮುಗಿಸುತ್ತದೆ. ಒಂದೊಂದರ ಸೆಳೆತದಿಂದ ಆಗುವ ಏರುಪೇರು 1.3ರಿಂದ 1.4 ಮಿಲಿಸೆಕೆಂಡ್ ಅಷ್ಟೇ. ಅಷ್ಟರಲ್ಲಿ ಬೆಳಕು ಸಾಗುವ ದೂರ ಸುಮಾರು 400 ಕಿ.ಮೀ., ಹೆಚ್ಚುಕಡಿಮೆ ಬೆಂಗಳೂರಿನಿಂದ ಹುಬ್ಬಳ್ಳಿಗೆ!

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಬ್ಬರ ಕಥೆ. ಬ್ರಿಟನ್ನಿನ ಆಂಡ್ರ್ಯೂ ಲೈನ್ ತಂಡ 1991ರಲ್ಲೇ ಬೇರೊಂದು ಪಲ್ಸಾರ್ ಸುತ್ತ ಗ್ರಹವಿದೆ ಎಂದು ಘೋಷಿಸಿತ್ತು. ಅದರ ಸುತ್ತಿನ ಅವಧಿ ಆರು ತಿಂಗಳು, ಅಂದರೆ ನಮ್ಮ ವರ್ಷದ ಸರಿಯಾಗಿ ಅರ್ಧ. ಮರುಪರಿಶೀಲಿಸಿದಾಗ ಗುಟ್ಟು ಹೊರಬಿತ್ತು. ಭೂಮಿಯ ಕಕ್ಷೆ ಅಂಡಾಕಾರವಾಗಿರುವುದನ್ನು ಲೆಕ್ಕದಲ್ಲಿ ಸರಿಯಾಗಿ ಹಿಡಿದಿರಲಿಲ್ಲ. ಓಲಾಡಿದ್ದು ಪಲ್ಸಾರ್ ಅಲ್ಲ, ನಾವೇ! 1992ರ ಜನವರಿಯಲ್ಲಿ ಅಟ್ಲಾಂಟಾದ ಸಮ್ಮೇಳನದಲ್ಲಿ ಲೈನ್ ವೇದಿಕೆ ಏರಿ, ಆ ಗ್ರಹ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಸಭಿಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಅವರ ನಂತರ ಮಾತನಾಡಿದವರು ವೋಲ್ಶ್‌ಚಾನ್.

ರೀಡಿಂಗ್ ಸರಿಬರದಿದ್ದರೆ ಸೀನಿಯರ್‌ಗಳ ರೆಕಾರ್ಡ್ ನೋಡಿ ತುಂಬಿಸಿಬಿಡುವುದು ನಮ್ಮ ಲ್ಯಾಬ್‌ಗಳಿಗೆ ಹೊಸತಲ್ಲ. ಪ್ಲೇಸ್‌ಮೆಂಟ್ ಹತ್ತಿರ ಬಂದರಂತೂ ರೆಸ್ಯೂಮೆಯಲ್ಲಿ ಪ್ರಾಜೆಕ್ಟ್‌ಗಳು ತಾವಾಗಿಯೇ ದೊಡ್ಡದಾಗುತ್ತವೆ. ಹೊಂದದ ಅಂಕಿಯನ್ನು ಅಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇದು ಉಪಕರಣದ್ದೇ, ನನ್ನ ಲೆಕ್ಕದ್ದೇ, ಅಥವಾ ನಿಜಕ್ಕೂ ಹೊಸದೇನಾದರೂ ಇದೆಯೇ? ಉತ್ತರ ಏನೇ ಬರಲಿ, ಇಂಟರ್‌ವ್ಯೂನಲ್ಲಿ ಧೈರ್ಯವಾಗಿ ಹೇಳಿಕೊಳ್ಳಬಹುದು.