ಹೆಸರು ಕೇಳದೆ ತೆಗೆದ ಫೋಟೊ

ಕಾಲೇಜಿನ ಫೋಟೊಗ್ರಫಿ ಸ್ಪರ್ಧೆಯಲ್ಲಿ ನನ್ನ ಚಿತ್ರಕ್ಕೆ ಮೊದಲ ಬಹುಮಾನ ಬಂತು. ಗಾರೆ ಕೆಲಸ ಸಿಗದೆ, ಬುತ್ತಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಸರ್ಕಲ್ಲಿನಲ್ಲಿ ಕುಳಿತಿದ್ದ ಅಮ್ಮನೊಬ್ಬರ ಚಿತ್ರ. ಬಹುಮಾನ ಕೊಡುವಾಗ ಮೇಡಂ ಕೇಳಿದರು, ‘ಇವರ ಹೆಸರೇನು?’ ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

ಅದೇ ವಾರ ಗ್ರಂಥಾಲಯದಲ್ಲಿ ಡೊರೊಥಿಯಾ ಲ್ಯಾಂಗ್ ಬಗ್ಗೆ ಓದಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಟುಡಿಯೊ ಇಟ್ಟುಕೊಂಡು ಉಳ್ಳವರ ಭಾವಚಿತ್ರ ತೆಗೆಯುತ್ತಿದ್ದ ಆಕೆ, 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೀದಿಗಿಳಿದು, ಊಟಕ್ಕೆ ಸಾಲು ನಿಂತವರತ್ತ ಕ್ಯಾಮೆರಾ ತಿರುಗಿಸಿದರು. ಮುಂದೆ ಸರ್ಕಾರಕ್ಕಾಗಿ ಬಡ ರೈತರ, ವಲಸೆ ಕೂಲಿಕಾರರ ಚಿತ್ರ ತೆಗೆಯುವ ಕೆಲಸ ಹಿಡಿದರು. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊಗೆ ಹೋದರು. ಬಟಾಣಿ ಕೊಯ್ಲಿಗೆ ಬಂದ ಕೂಲಿಕಾರರ ಬಿಡಾರ ಅಲ್ಲಿತ್ತು. ಚಳಿಗೆ ಬೆಳೆ ಹಾಳಾಗಿ ಕೆಲಸ ನಿಂತಿತ್ತು. ಹರಕು ಡೇರೆಯಡಿ ಮಕ್ಕಳೊಂದಿಗೆ ಕುಳಿತಿದ್ದ 32 ವರ್ಷದ ತಾಯಿಯ ಕೆಲವು ಚಿತ್ರ ತೆಗೆದರು. ಅವುಗಳಲ್ಲೊಂದೇ ಜಗತ್ತು ಬಲ್ಲ ‘ಮೈಗ್ರಂಟ್ ಮದರ್’.

ಚಿತ್ರಗಳು ಪತ್ರಿಕೆಗೆ ತಲುಪಿದ ಮೇಲೆ ಆ ಬಿಡಾರಕ್ಕೆ ಸುಮಾರು 20,000 ಪೌಂಡ್ ಆಹಾರ ಬಂತು. ಅಷ್ಟರಲ್ಲಿ ಆ ಕುಟುಂಬ ಕೆಲಸ ಹುಡುಕಿಕೊಂಡು ಮುಂದೆ ಹೊರಟುಹೋಗಿತ್ತು. ಲ್ಯಾಂಗ್ ಕೂಡ ಹೆಸರು ಕೇಳಿರಲಿಲ್ಲ! ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ. ಅಷ್ಟು ಹೆಸರಾದ ಚಿತ್ರದಿಂದ ತನಗೆ ಬಿಡಿಗಾಸೂ ಬರಲಿಲ್ಲವೆಂಬ ನೋವು ಆಕೆಗಿತ್ತು. 1983ರಲ್ಲಿ ಆಕೆ ಕಾಯಿಲೆ ಬಿದ್ದಾಗ ಮಕ್ಕಳು ನೆರವು ಕೇಳಿದರು. ಆ ಚಿತ್ರ ನೋಡಿದ್ದ ಜನ ಹಣ ಕಳುಹಿಸಿದರು.

ಓದಿ ಮುಗಿಸಿದ ಮೇಲೆ ಸುಮ್ಮನಿರಲಾಗಲಿಲ್ಲ. ಮರುದಿನ ಬೆಳಿಗ್ಗೆ ಫೋಟೊದ ಪ್ರಿಂಟ್ ಹಿಡಿದು ಸರ್ಕಲ್ಲಿಗೆ ಹೋದೆ. ಅಮ್ಮ ಅಲ್ಲೇ ಇದ್ದರು. ಚಿತ್ರವನ್ನು ಬಹಳ ಹೊತ್ತು ನೋಡಿ, ‘ಅಲ್ಲ ಮಗ, ಒಂದ್ ಮಾತ್ ಹೇಳಿದ್ರೆ ತಲೆನಾದ್ರೂ ಬಾಚ್ಕೋತಿದ್ನಲ್ಲ’ ಎಂದರು.

ತಪ್ಪಾಯಿತು ಎಂದೆ. ಕಾಲೇಜಿನ ನೋಟಿಸ್ ಬೋರ್ಡಿನಿಂದ ಅದನ್ನು ತೆಗೆಸಲೇ ಎಂದು ಕೇಳಿದೆ. ‘ಇರ್ಲಿ ಬಿಡು. ಅವತ್ತು ಕೆಲ್ಸ ಸಿಗ್ದಿದ್ದು ಸುಳ್ಳಾ?’ ಎಂದರು. ಆಮೇಲೆ ಸೆರಗು ಸರಿ ಮಾಡಿಕೊಂಡು, ತಲೆ ನೇವರಿಸಿಕೊಂಡು, ‘ಈಗ ತೆಗಿ’ ಎಂದು ನೆಟ್ಟಗೆ ಕುಳಿತರು.

ನಮ್ಮೆಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಕ್ಲಿಕ್ ಮಾಡಲು ಒಂದು ಕ್ಷಣ ಸಾಕು. ಹೆಸರು ಕೇಳಲು ಇನ್ನೊಂದು ನಿಮಿಷ ನಿಲ್ಲಬೇಕು, ಅಷ್ಟೇ. ಅಮ್ಮನ ಹೆಸರು ಈಗ ನನಗೆ ಗೊತ್ತು. ಪೇಪರಿಗೆ ಬೇಡ ಎಂದಿದ್ದಾರೆ. ಎರಡನೇ ಫೋಟೊ ಅವರ ಮನೆಯ ಗೋಡೆಯ ಮೇಲಿದೆ.